ಸೂಜಿಯಿಲ್ಲದ ಡ್ರಿಪ್ಪು

ನನ್ನ ಕೈಗೆ ಹಾಕಿದ್ದ ಡ್ರಿಪ್ಪಿಗೆ ಸೂಜಿ ಇರಲಿಲ್ಲ. ಪೈಪಿನ ತುದಿಯನ್ನು ಮುಂಗೈ ಮೇಲಿಟ್ಟು ಬಿಳಿ ಟೇಪು ಅಂಟಿಸಿದ್ದರು, ಅಷ್ಟೇ. ನಾನು ರೋಗಿ ಅಲ್ಲ. ಈ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು. ಆವತ್ತು ಬೆಳಿಗ್ಗೆ ಗಂಡಸರ ವಾರ್ಡಿನ ಹನ್ನೊಂದನೇ ಮಂಚದ ಮೇಲೆ ನನ್ನನ್ನು ಮಲಗಿಸಿ, ಕುತ್ತಿಗೆ ತನಕ ಹೊಸ ಹೊದಿಕೆ ಹೊದಿಸಿ, ಅಲ್ಲಾಡಬೇಡ ಅಂದಿದ್ದರು.

ಆ ಮಂಚ ನಮ್ಮಪ್ಪನದು. ಆರು ದಿನದಿಂದ ಅಪ್ಪ ಅದರ ಮೇಲಿದ್ದ. ಆಸ್ಪತ್ರೆಯ ಗುಣಮಟ್ಟ ನೋಡಿ ಮಾರ್ಕು ಹಾಕುವವರು ಆವತ್ತು ಬರುವವರಿದ್ದರು. ಅದಕ್ಕೆ ಅಪ್ಪನನ್ನು ಎಬ್ಬಿಸಿ ಹಿಂದಿನ ಹಳೇ ಎಕ್ಸ್‌ರೇ ರೂಮಿಗೆ ಹಾಕಿ ಬೀಗ ಜಡಿದಿದ್ದರು. ಯಾಕೆ ಅಂದರೆ ವಾಸನೆ.

ವಾಸನೆ ಇತ್ತು, ಇಲ್ಲ ಅನ್ನಲ್ಲ. ಕೊಳೆಯುತ್ತಿರುವ ಕೈಯಿಂದ ಇನ್ನೇನು ಬರುತ್ತೆ. ಆದರೆ ಆ ವಾಸನೆಯನ್ನು ಅಪ್ಪ ಮನೆಯಿಂದ ಹೊತ್ತು ತಂದಿರಲಿಲ್ಲ. ಈ ಆಸ್ಪತ್ರೆಯೇ ಕೊಟ್ಟಿದ್ದು.

ಹದಿನೇಳು ವರ್ಷದಿಂದ ಅಪ್ಪ ಇಲ್ಲಿ ಕಸ ಎತ್ತುತ್ತಾನೆ. ಮನೆ ಕಸ ಅಲ್ಲ. ರಕ್ತದ ಹತ್ತಿ, ಕೀವಿನ ಬಟ್ಟೆ, ಆಪರೇಷನ್ ಕೋಣೆಯಲ್ಲಿ ಕತ್ತರಿಸಿ ಬಿಸಾಕಿದ್ದು. ಹಳದಿ ಚೀಲಕ್ಕೆ ಹೋಗೋದೇ ಬೇರೆ, ಕೆಂಪು ಚೀಲಕ್ಕೆ ಹೋಗೋದೇ ಬೇರೆ. ಸೂಜಿಗೆ ಮಾತ್ರ ಗಟ್ಟಿ ಬಿಳೀ ಡಬ್ಬಿ. ಹಳೇ ಡಬ್ಬಿಗಳು ತುಂಬಿ ಎರಡು ತಿಂಗಳಾಗಿತ್ತು. ಹೊಸವು ಬಂದಿದ್ದವು. ಪರೀಕ್ಷೆ ದಿನ ಹೊಳೆಯಲಿ ಅಂತ ಸ್ಟೋರಿನಲ್ಲಿ ಎತ್ತಿಟ್ಟಿದ್ದರು. ಹಾಗಾಗಿ ಸೂಜಿಗಳೆಲ್ಲ ಹಳದಿ ಚೀಲಕ್ಕೇ ಬೀಳುತ್ತಿದ್ದವು. ಅಪ್ಪ ಚೀಲದ ಬಾಯಿ ಕಟ್ಟೋಕೆ ಅಂತ ಬಲಗೈಯಿಂದ ಕಸವನ್ನು ಒತ್ತಿದ. ಗ್ಲೌಸು ಅಂಗೈಯಲ್ಲಿ ಹರಿದಿತ್ತು. ಸೂಜಿ ಕಿರುಬೆರಳಿನ ಬುಡದಲ್ಲಿ ಹೊಕ್ಕಿತು.

ಅಪ್ಪ ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಸೂಜಿ ಚುಚ್ಚಿದರೆ ಬರೆಯೋಕೆ ಅಂತ ಒಂದು ರಿಜಿಸ್ಟರ್ ಇದೆ. ಅದು ಖಾಲಿ ಇದ್ದಷ್ಟೂ ಆಸ್ಪತ್ರೆಗೆ ಮಾರ್ಕು ಜಾಸ್ತಿ. ಸೀಟಿ ಮೊದಲೇ ಹೇಳಿಬಿಟ್ಟಿದ್ದ, ಈ ತಿಂಗಳು ಯಾರಿಗೂ ಏನೂ ಚುಚ್ಚಬಾರದು ಅಂತ.

ಸೀಟಿ ಅಂದರೆ ನಮ್ಮ ಸೂಪರ್‌ವೈಸರ್. ಅವನ ಕುತ್ತಿಗೆಯಲ್ಲಿ ಒಂದು ದಾರ. ದಾರದಲ್ಲಿ ಸೀಟಿ, ಪಕ್ಕದಲ್ಲಿ ಕೀಲಿಗೊಂಚಲು. ನಮ್ಮನ್ನು ಹೆಸರು ಹಿಡಿದು ಕರೆಯಲ್ಲ, ಊದುತ್ತಾನೆ. ಒಂದು ಸಲ ಊದಿದರೆ ಕಸದವರು ಓಡಬೇಕು, ಎರಡು ಸಲ ಊದಿದರೆ ಸ್ಟ್ರೆಚರಿನವರು. ನಾಯಿಯಾದರೂ ಒಂದೊಂದು ದಿನ ಕಿವಿ ಕೇಳದ ಹಾಗೆ ಮಲಗಿರುತ್ತೆ. ನಮಗೆ ಅದೂ ಇಲ್ಲ.

ಪರೀಕ್ಷೆಗೆ ಹದಿನೈದು ದಿನ ಇದ್ದಾಗಿಂದ ದಿನಾ ಬೆಳಿಗ್ಗೆ ಏಳಕ್ಕೆ ಹಿತ್ತಲಿನ ಅಂಗಳದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಕೈ ತೊಳೆಯುವ ಪಾಠ. ಆರು ಹಂತ. ಅಂಗೈಗೆ ಅಂಗೈ, ಮುಂಗೈ, ಬೆರಳ ಸಂದಿ, ಬೆರಳ ಬೆನ್ನು, ಹೆಬ್ಬೆರಳು, ಉಗುರು. ಬಂದವರು ನಮ್ಮಲ್ಲಿ ಯಾರನ್ನಾದರೂ ಹಿಡಿದು ಮಾಡಿ ತೋರಿಸು ಅಂತಾರಂತೆ. ನಲ್ಲಿಯಲ್ಲಿ ನೀರಿರಲಿಲ್ಲ. ಸೋಪೂ ಇರಲಿಲ್ಲ. ನಲವತ್ತು ಜನ ಒಣ ಕೈ ಉಜ್ಜಿಕೊಂಡು ಗಾಳಿಯಲ್ಲಿ ಕೈ ತೊಳೆದೆವು. ಮಲ ಬಾಚಿ ಬಂದವನಿಗೆ ಒಂದು ಚೊಂಬು ನೀರು ಕೊಡದವರು ಆರು ಹಂತ ಕಲಿಸಿದರು.

ಅಪ್ಪನೂ ನಿಂತಿದ್ದ. ಹತ್ತನೇ ದಿನ ಬೆರಳ ಸಂದಿ ಉಜ್ಜುವ ಹಂತಕ್ಕೆ ಅಪ್ಪನ ಬೆರಳು ಒಂದರೊಳಗೊಂದು ಹೋಗಲಿಲ್ಲ. ಬದನೆಕಾಯಿ ಹಾಗೆ ಊದಿದ್ದವು. ಪಾಠ ಹೇಳುತ್ತಿದ್ದ ಮೇಡಂ ಬಂದು ಬೆರಳು ಸೇರಿಸು ಅಂದಳು. ಅಪ್ಪ ಆಗಲ್ಲ ಅಂದ. ನಿನ್ನೊಬ್ಬನಿಂದ ಎಲ್ಲರಿಗೂ ಎರಡು ಮಾರ್ಕು ಹೋಗುತ್ತೆ ಅಂತ ಬೈದಳು. ಅಪ್ಪ ಹಲ್ಲು ಕಚ್ಚಿ ಸೇರಿಸಿದ. ಸಂದಿಯಿಂದ ಕೀವು ಬಂತು. ಆಗ ಎಲ್ಲರೂ ನೋಡಿದರು.

ಅಡ್ಮಿಟ್ ಮಾಡಿದರು. ಮಾರನೇ ದಿನ ಕಿರುಬೆರಳು, ಉಂಗುರದ ಬೆರಳು ಎರಡನ್ನೂ ತೆಗೆದರು. ಕೇಸ್ ಶೀಟಿನಲ್ಲಿ ಮನೆಯಲ್ಲಿ ಆದ ಗಾಯ ಅಂತ ಬರೆದರು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ನಿಧಾನಕ್ಕೆ ಕೂಡಿಸಿ ಓದಬಲ್ಲೆ. ಆ ಶೀಟನ್ನು ಎರಡು ಸಲ ಓದಿದೆ. ಅಪ್ಪನನ್ನು ಕೇಳಿದೆ, ಸುಳ್ಳು ಬರೆದಿದಾರೆ, ಹೇಳಲಾ ಅಂತ. ಹಾಸಿಗೆ ಕೊಟ್ಟಿದಾರಲ್ಲ, ಸುಮ್ನಿರು ಅಂದ. ಅಪ್ಪನ ಬಾಯಲ್ಲಿ ಹದಿನೇಳು ವರ್ಷದಿಂದ ಇದೊಂದೇ ಮಾತು. ಸುಮ್ನಿರು.

ಬೆರಳು ತೆಗೆದರೂ ಕಾಯಿಲೆ ನಿಲ್ಲಲಿಲ್ಲ. ಜ್ವರ ಇಳಿಯಲಿಲ್ಲ. ಡ್ಯೂಟಿ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, ವಿಷ ಮೇಲಕ್ಕೆ ಏರದ ಹಾಗೆ ಇಂಜೆಕ್ಷನ್ ಒಂದೇ ತಡೀಬೇಕು, ಎಂಟು ಗಂಟೆಗೊಂದು, ಬೆಳಿಗ್ಗೆ ಹತ್ತಕ್ಕೆ, ಸಂಜೆ ಆರಕ್ಕೆ, ರಾತ್ರಿ ಎರಡಕ್ಕೆ, ತಪ್ಪಿಸಿದರೆ ಕೈ ಹೋಗುತ್ತೆ ಅಂತ. ಕೆಟ್ಟವಳಲ್ಲ ಆ ಸಿಸ್ಟರ್. ಅರವತ್ತು ಜನರಿಗೆ ಒಬ್ಬಳು.

ಪರೀಕ್ಷೆ ದಿನ ಬೆಳಿಗ್ಗೆ ಆರಕ್ಕೇ ಸೀಟಿ ಎರಡು ಸಲ ಊದಿದ. ವಾರ್ಡಿನಲ್ಲಿ ಇಪ್ಪತ್ತು ಮಂಚ, ಮೂವತ್ತೊಂದು ರೋಗಿಗಳು. ನೆಲದ ಮೇಲಿದ್ದ ಹನ್ನೊಂದು ಜನರನ್ನು ಹಿಂದಿನ ದಿನವೇ ವಾಸಿಯಾಗಿದೆ ಅಂತ ಮನೆಗೆ ಕಳಿಸಿದ್ದರು. ಈಗ ಮಂಚದ ಮೇಲಿದ್ದವರಲ್ಲಿ ನಾಲ್ಕು ಜನ ಒಳಗೆ ಹೋಗಬೇಕು ಅಂದ. ಸುಟ್ಟ ಗಾಯದವನು, ಬೆನ್ನು ಹುಣ್ಣಾದ ಮುದುಕ, ಕಾಲು ಕಪ್ಪಾದ ಗಾರೆ ಕೆಲಸದವನು, ನಮ್ಮಪ್ಪ.

ತಳ್ಳಿದವನು ನಾನೇ. ಅದನ್ನು ಮುಚ್ಚಿಡಲ್ಲ. ಮೂರು ಜನರನ್ನು ಒಬ್ಬೊಬ್ಬರಾಗಿ ತಳ್ಳಿಕೊಂಡು ಹೋಗಿ ಕಿಟಕಿ ಇಲ್ಲದ ಆ ರೂಮಿನ ನೆಲಕ್ಕೆ ಇಳಿಸಿ ಬಂದೆ. ಹಿಂದಿನ ಬಾಗಿಲ ಸ್ಟ್ರೆಚರಿನ ಒಂದು ಚಕ್ರ ಕಿರುಚುತ್ತೆ. ಎಣ್ಣೆ ಹಾಕಿದ್ದು ಮುಂದಿನ ಬಾಗಿಲ ಸ್ಟ್ರೆಚರುಗಳಿಗೆ ಮಾತ್ರ. ಕೊನೆಗೆ ಅಪ್ಪನನ್ನು ಮಲಗಿಸಿಕೊಂಡೆ. ಮೈ ಕೆಂಡ. ನಿನಗೆ ತೊಂದರೆ ಮಗಾ ಅಂದ. ಸಿಟ್ಟು ಯಾರ ಮೇಲೆ ತೋರಿಸೋದು ಗೊತ್ತಾಗದೆ ಅಪ್ಪನ ಮೇಲೇ ತೋರಿಸಿದೆ. ಬಾಯಿ ಮುಚ್ಚು ಅಂದೆ.

ಹತ್ತು ಗಂಟೆಯೊಳಗೆ ಎಲ್ಲ ಮುಗಿಯುತ್ತೆ, ಸಿಸ್ಟರೇ ಬಂದು ಇಂಜೆಕ್ಷನ್ ಕೊಡ್ತಾಳೆ ಅಂತ ಸೀಟಿ ಹೇಳಿದ. ಬೀಗ ಹಾಕಿದ. ಕೀಲಿ ಕುತ್ತಿಗೆಯಲ್ಲೇ ತೂಗಿತು.

ಆಮೇಲೆ ಖಾಲಿ ಮಂಚಗಳನ್ನು ತುಂಬಬೇಕಿತ್ತು. ಖಾಲಿ ಇದ್ದರೂ ಮಾರ್ಕು ಹೋಗುತ್ತಂತೆ. ಕಾಯಿಲೆಯವರನ್ನು ಬಚ್ಚಿಟ್ಟು ಗಟ್ಟಿಮುಟ್ಟಾದವರನ್ನು ಮಲಗಿಸಿದರು. ಹತ್ತನೇ ಮಂಚಕ್ಕೆ ಆಂಬುಲೆನ್ಸ್ ಡ್ರೈವರ್, ಹನ್ನೊಂದನೆಯದಕ್ಕೆ ನಾನು. ಅಪ್ಪನ ಕೇಸ್ ಶೀಟು ತೆಗೆದು ಹೊಸದು ನೇತುಹಾಕಿದರು. ಜ್ವರ, ಚೇತರಿಸಿಕೊಳ್ಳುತ್ತಿದ್ದಾನೆ. ಬಂದವರು ಕೇಳಿದರೆ ಹೇಳಬೇಕಾದ ಮಾತನ್ನು ಸೀಟಿ ಎಲ್ಲರಿಂದ ಮೂರು ಸಲ ಹೇಳಿಸಿದ. ಎಲ್ಲಾ ಚೆನ್ನಾಗಿ ನೋಡ್ಕೋತಾರೆ ಸಾರ್. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಡ್ತಾರೆ ಸಾರ್.

ಡ್ರೈವರಿಗೆ ತಮಾಷೆ. ಹದಿನೈದು ವರ್ಷದಿಂದ ಇಲ್ಲಿಗೆ ಜನರನ್ನ ತಂದು ಸುರೀತಾ ಇದೀನಿ, ಹಾಸಿಗೆ ಇಷ್ಟು ಮೆತ್ತಗಿರುತ್ತೆ ಅಂತ ಗೊತ್ತೇ ಇರಲಿಲ್ಲ ಅಂದ. ಇವತ್ತು ಬೆಳಿಗ್ಗೆ ಬಂದ ಹಾಸಿಗೆ ಅಣ್ಣಾ, ಸಂಜೆ ವಾಪಸು ಹೋಗುತ್ತೆ ಅಂದೆ. ಹಂಗಾದ್ರೆ ನಾನು ಬೇಗ ನಿದ್ದೆ ಮಾಡ್ಬೇಕು ಅಂತ ಮಗ್ಗುಲಾದ. ಐದು ನಿಮಿಷಕ್ಕೆ ಗೊರಕೆ.

ಬಾಗಿಲ ಮೇಲೆ ಗಡಿಯಾರ. ವರ್ಷಗಟ್ಟಲೆ ನಿಂತಿದ್ದಕ್ಕೆ ಆವತ್ತು ಹೊಸ ಸೆಲ್ಲು ಹಾಕಿದ್ದರು. ಹತ್ತಾಯಿತು. ಬಂದವರು ದೊಡ್ಡ ಡಾಕ್ಟರ ರೂಮಿನಲ್ಲಿ ತಿಂಡಿ ತಿನ್ನುತ್ತಿದ್ದರು. ಹತ್ತೂವರೆ. ಕಣ್ಣಲ್ಲೇ ಸಿಸ್ಟರನ್ನು ಕೇಳಿದೆ. ಅವಳು ಟ್ರೇ ಮೇಲಿನ ಸಿರಿಂಜು ತೋರಿಸಿ ಸೀಟಿಯ ಕಡೆ ನೋಡಿದಳು. ಅವಳು ವಾರ್ಡು ಬಿಟ್ಟು ಕದಲಬಾರದು ಅಂತ ಹುಕುಂ. ಹನ್ನೊಂದು. ಸೀಟಿಯನ್ನು ಕರೆದು ಕೀಲಿ ಕೇಳಿದೆ, ಓಡಿ ಹೋಗಿ ಓಡಿ ಬರ್ತೀನಿ ಅಂದೆ. ಅವನು ನನ್ನ ಕಿವಿ ಹತ್ತಿರ ಬಗ್ಗಿದ.

"ನೀನು ರೋಗಿ ಕಣೋ. ರೋಗಿ ಥರ ಬಿದ್ದಿರು."

ಹನ್ನೆರಡು. ಹೊದಿಕೆಯ ಒಳಗೆ ನನ್ನ ಮೈ ಬೆವರುತ್ತಿತ್ತು. ಗಟ್ಟಿ ಮೈ. ಚೀಲ ಹೊತ್ತ ಮೈ, ಹೆಣ ಎತ್ತಿದ ಮೈ. ಅದು ಹತ್ತಿಯ ಹಾಸಿಗೆ ಮೇಲೆ ಮಲಗಿತ್ತು. ಆರು ದಿನದಿಂದ ಕುದಿಯುತ್ತಿದ್ದ ಮೈ ಸಿಮೆಂಟಿನ ಮೇಲೆ. ಹನ್ನೆರಡೂವರೆ. ಮೆತ್ತಗಿನ ಹಾಸಿಗೆ ನನ್ನ ಬೆನ್ನಿಗೆ ಮುಳ್ಳಿನ ಹಾಗಾಯಿತು.

ಹನ್ನೆರಡೂ ಮುಕ್ಕಾಲಿಗೆ ಬಂದರು. ಮೂರು ಜನ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಕಾಗದ. ದೊಡ್ಡ ಡಾಕ್ಟರು ಹಿಂದೆ ಹಿಂದೆ. ಬಂದವರಲ್ಲಿ ಕನ್ನಡಕದವನೇ ಮುಖ್ಯ. ಇಬ್ಬರು ಗೋಡೆ, ಬಕೆಟ್ಟು, ಬಿಳೀ ಡಬ್ಬಿ ನೋಡಿ ಗುರುತು ಹಾಕುತ್ತಿದ್ದರು. ಕನ್ನಡಕದವನು ಡ್ರೈವರನ್ನು ದಾಟಿ ನನ್ನ ಮಂಚಕ್ಕೆ ಬಂದ. ಕೇಸ್ ಶೀಟು ನೋಡಿದ. ನಗುತ್ತಾ ಕೇಳಿದ, ಹೇಗಿದೆ ಇಲ್ಲಿ, ಔಷಧಿ ಎಲ್ಲಾ ಹೊತ್ತಿಗೆ ಸರಿಯಾಗಿ ಕೊಡ್ತಾರಾ ಅಂತ.

ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಇನ್ನು ಹತ್ತು ನಿಮಿಷ. ಅವರು ಹೋಗುತ್ತಾರೆ, ಬೀಗ ತೆಗೀತಾರೆ, ಕೆಲಸ ಉಳಿಯುತ್ತೆ. ಎಲ್ಲಾ ಲೆಕ್ಕ ಗೊತ್ತಿತ್ತು. ಬಾಯಿ ತೆರೆದೆ. ಆ ಮಾತು ಬರಲಿಲ್ಲ.

"ಇಲ್ಲ," ಅಂದೆ. "ಹತ್ತು ಗಂಟೆ ಇಂಜೆಕ್ಷನ್ ಇನ್ನೂ ಕೊಟ್ಟಿಲ್ಲ."

ನಗು ಅವನ ಮುಖದ ಮೇಲೇ ನಿಂತಿತು. ಯಾರಿಗೆ, ನಿನಗಾ ಅಂದ. ನಾನು ಎದ್ದು ಕೂತೆ. ಟೇಪು ಕಿತ್ತೆ. ಒಂದು ಹನಿ ರಕ್ತ ಬರಲಿಲ್ಲ, ಕೂದಲು ಕಿತ್ತು ಬಂತು. ಮುಂಗೈಯನ್ನು ಅವನ ಕನ್ನಡಕಕ್ಕೆ ಹಿಡಿದೆ.

"ತೂತು ಎಲ್ಲಿದೆ ಹುಡುಕಿ ಸಾರ್. ನಾನು ಸ್ಟ್ರೆಚರ್ ತಳ್ಳೋನು. ಈ ಮಂಚದ ರೋಗಿ ನಮ್ಮಪ್ಪ. ಹಿಂದಿನ ರೂಮಲ್ಲಿ ನೆಲದ ಮೇಲಿದಾನೆ. ಹೊರಗಡೆ ಬೀಗ ಹಾಕಿದೆ."

ದೊಡ್ಡ ಡಾಕ್ಟರು ಕದಲಲಿಲ್ಲ. ಅಭ್ಯಾಸ ಇರುವ ಮನುಷ್ಯ. ಜ್ವರ ತಲೆಗೆ ಏರಿದೆ ಸಾರ್, ಬಡಬಡಿಸ್ತಿದಾನೆ ಅಂದರು. ನಾನು ಕನ್ನಡಕದವನ ಕೈ ಹಿಡಿದು ನನ್ನ ಹಣೆ ಮೇಲಿಟ್ಟುಕೊಂಡೆ. ನೋಡಿ, ಇದೆಯಾ ಜ್ವರ ಅಂದೆ. ಅವನು ಕೈ ಕಿತ್ತುಕೊಂಡ. ಜೇಬಿನಿಂದ ಸಣ್ಣ ಬಾಟಲಿ ತೆಗೆದು ಏನೋ ಹಚ್ಚಿ ಉಜ್ಜಿಕೊಂಡ. ಅಂಗೈಗೆ ಅಂಗೈ, ಮುಂಗೈ, ಬೆರಳ ಸಂದಿ. ಒಂದು ಹಂತವೂ ತಪ್ಪಲಿಲ್ಲ.

ಸೀಟಿ ಓಡಿ ಬಂದು ನನ್ನ ತೋಳಿಗೆ ಕೈ ಹಾಕಿದ. ನಾನು ಅವನ ಕುತ್ತಿಗೆಯ ದಾರಕ್ಕೆ ಹಾಕಿದೆ. ಎಳೆದೆ. ದಾರ ಹರಿಯಿತು. ಸೀಟಿ ನೆಲಕ್ಕೆ ಬಿತ್ತು, ಕೀಲಿ ನನ್ನ ಮುಷ್ಟಿಗೆ ಬಂತು. ಎಚ್ಚರಾದ ಡ್ರೈವರ್ ಮಂಚದಿಂದ ಇಳಿಯುವ ನೆಪದಲ್ಲಿ ಸೀಟಿಯ ಕಾಲಿಗೆ ಅಡ್ಡ ಬಂದ. ಕ್ಷಮಿಸಿ ಸಾರ್, ನನಗೂ ನಿತ್ರಾಣ ಅಂದ. ನಾನು ಓಡಿದೆ. ಹಿಂದೆ ಸಿಸ್ಟರ್ ಟ್ರೇ ಹಿಡಿದು ಓಡಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕನ್ನಡಕದವನೂ ಬಂದ. ಬರದಿದ್ದರೆ ನೋಡಿದವರು ಏನಂದಾರು ಅಂತ ಬಂದನೋ, ನಿಜವಾಗಿ ನೋಡೋಣ ಅಂತ ಬಂದನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಬೀಗ ತೆಗೆದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕನ್ನಡಕದವನು ಮೂಗು ಮುಚ್ಚಿದ. ಬೆನ್ನು ಹುಣ್ಣಾದ ಮುದುಕ ನೀರು, ನೀರು ಅಂತಿದ್ದ. ಅಪ್ಪ ಗೋಡೆಗೆ ಒರಗಿದ್ದ. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ನನ್ನ ಮುಖ ಗುರುತು ಹಿಡಿಯಲಿಲ್ಲ. ಅಪ್ಪನಿಗೆ ಕಂಡಿದ್ದು ಕುತ್ತಿಗೆಯ ಚೀಟಿ. ರಟ್ಟು. ಕಾಗದ. ಪೆನ್ನು.

ಅಪ್ಪ ನೆಟ್ಟಗೆ ಕೂತ. ಎರಡೂ ಕೈ ಮುಂದೆ ಚಾಚಿದ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಬ್ಯಾಂಡೇಜಿನ ಬಲಗೈಯನ್ನು ಎಡ ಅಂಗೈಯಿಂದ ಉಜ್ಜಿದ. ಆಮೇಲೆ ಮುಂಗೈ. ಎರಡು ಬೆರಳಿಲ್ಲದ ಕೈಯ ಸಂದಿಗೆ ಎಡಗೈಯ ಐದು ಬೆರಳನ್ನೂ ತುರುಕೋಕೆ ನೋಡಿದ. ಬ್ಯಾಂಡೇಜು ಒದ್ದೆಯಾಗಿ ಹಳದಿಗೆ ತಿರುಗಿತು. ಮೂರು, ಅಂದ. ಬೆರಳ ಬೆನ್ನು. ನಾಲ್ಕು. ಅಪ್ಪಾ ಬೇಡ ಅಂತ ಕೈ ಹಿಡಿದೆ. ಬಿಡು ಮಗಾ, ಎಲ್ಲರಿಗೂ ಎರಡು ಮಾರ್ಕು ಹೋಗುತ್ತೆ ಅಂದ. ಐದು. ಉಗುರಿಗೆ ಬಂದಾಗ ಎರಡು ಉಗುರು ಕಡಿಮೆ ಇತ್ತು. ಅದನ್ನೂ ಮಾಡಿ ಆರು ಅಂದು ಕೈ ಕೆಳಗಿಟ್ಟ.

ಇವರು ಇಲ್ಲಿನ ಸಿಬ್ಬಂದಿನಾ ಅಂತ ಕನ್ನಡಕದವನು ಕೇಳಿದ. ಹದಿನೇಳು ವರ್ಷದಲ್ಲಿ ಒಂದು ದಿನವೂ ಅಪ್ಪನನ್ನು ಸಿಬ್ಬಂದಿ ಅನ್ನದಿದ್ದ ದೊಡ್ಡ ಡಾಕ್ಟರು, ಹೌದು ಸಾರ್, ನಮ್ಮ ಸಿಬ್ಬಂದಿನೇ ಅಂದರು. ಕನ್ನಡಕದವನು ಪೆನ್ನು ಎತ್ತಿ ಕಾಗದದ ಮೇಲೆ ಏನೋ ಬರೆದ. ಸಿಸ್ಟರ್ ಇಂಜೆಕ್ಷನ್ ಕೊಟ್ಟಳು. ಒಂದು ಗಂಟೆ ಹತ್ತು ನಿಮಿಷ.

ಅವನು ಬರೆದಿದ್ದು ಕಂಡು ನನಗೆ ಎದೆ ಹಗುರಾಗಿತ್ತು. ಅದನ್ನು ಹೇಳೋಕೆ ಈಗ ನಾಚಿಕೆಯಾಗುತ್ತೆ. ಬರೆದ, ಎಲ್ಲಾ ಬರೆದ, ಇನ್ನು ಇವರ ಮುಖ ನೋಡಬೇಕು ಅಂದುಕೊಂಡೆ. ಏಳನೇ ಕ್ಲಾಸಿಗೆ ಬಿಟ್ಟವನು ನಾನು. ಕಾಗದದ ಮೇಲೆ ಪೆನ್ನು ಓಡಿದರೆ ನಿಜ ಬರೀತಿದಾರೆ ಅಂತಲೇ ನಂಬುವವನು.

ಸಂಜೆ ನನ್ನನ್ನು ಕೆಲಸದಿಂದ ತೆಗೆದರು. ನಾನು ಹೋಗಲಿಲ್ಲ. ರೋಗಿಯ ಕಡೆಯವನು ಅಂತ ಅಪ್ಪನ ಮಂಚದ ಕೆಳಗೇ ಕೂತೆ. ಸೀಟಿ ಹೊಸ ದಾರ ಹಾಕಿಕೊಂಡು ನನ್ನ ಮುಂದೆಯೇ ನಾಲ್ಕು ಸಲ ಓಡಾಡಿದ. ಊದಲಿಲ್ಲ.

ಮೂರನೇ ದಿನ ಅಪ್ಪನ ಕೈಯನ್ನು ಮಣಿಕಟ್ಟಿನ ಮೇಲಕ್ಕೆ ತೆಗೆದರು. ಮೂರು ಗಂಟೆ ತಡವಾದರೆ ಕೈ ಹೋಗಲ್ಲ, ಅದು ಮೊದಲೇ ಹೋಗಿತ್ತು ಅಂತ ಆಪರೇಷನ್ ಮಾಡಿದ ಡಾಕ್ಟರ್ ಹೇಳಿದ. ಇರಬಹುದು. ಹಾಗಾದರೆ ಹೊತ್ತಿಗೆ ಸರಿಯಾಗಿ ಕೊಡ್ತಾರೆ ಅಂತ ನನ್ನಿಂದ ಮೂರು ಸಲ ಯಾಕೆ ಹೇಳಿಸಿದರು? ಕತ್ತರಿಸಿದ್ದನ್ನು ಹಳದಿ ಚೀಲಕ್ಕೆ ಹಾಕಿದರು. ಆ ಚೀಲವನ್ನು ದಿನಾ ಎತ್ತುವವನು ಮಂಚದ ಮೇಲಿದ್ದ. ಬೇರೆ ಯಾರೋ ಎತ್ತಿಕೊಂಡು ಹೋದರು.

ಹದಿನೆಂಟು ದಿನಕ್ಕೆ ಫಲಿತಾಂಶ ಬಂತು. ನೂರಕ್ಕೆ ಎಂಬತ್ತಾರು. ಆಸ್ಪತ್ರೆಗೆ ಉತ್ತಮ ಆಸ್ಪತ್ರೆ ಅಂತ ಬೋರ್ಡು ಕೊಟ್ಟರು. ಮಾರ್ಕಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ನಾನು ನಿಂತು ಕೂಡಿಸಿಕೊಂಡು ಓದಿದೆ. ಎಕ್ಸ್‌ರೇ ರೂಮು ಇಲ್ಲ. ಬೀಗ ಇಲ್ಲ. ಹನ್ನೊಂದನೇ ಮಂಚ ಇಲ್ಲ. ಸೂಜಿ ಚುಚ್ಚಿದ ಪ್ರಕರಣ ಸೊನ್ನೆ, ಮಾರ್ಕು ಪೂರ್ತಿ. ಆರನೇ ಸಾಲು ಮುಗಿಸಿ ಏಳಕ್ಕೆ ಬಂದೆ. ಬೆರಳಿಟ್ಟು ಓದಿದೆ. ಕೈ ತೊಳೆಯುವ ಕ್ರಮ. ಸಿಬ್ಬಂದಿ ಆರೂ ಹಂತಗಳನ್ನು ತಪ್ಪಿಲ್ಲದೆ ಮಾಡಿ ತೋರಿಸಿದರು. ಎರಡಕ್ಕೆ ಎರಡು.

ಪಟ್ಟಿ ಕಿತ್ತುಕೊಂಡು ವಾರ್ಡಿಗೆ ಹೋದೆ. ಅಪ್ಪ ಎದ್ದು ಕೂತಿದ್ದ. ಜ್ವರ ಇಳಿದಿತ್ತು. ಎಡಗೈಯಲ್ಲಿ ಲೋಟ ಹಿಡಿಯೋದು ಕಲಿಯುತ್ತಿದ್ದ. ಓದು ಅಂದ. ಸಾಲು ಸಾಲಾಗಿ ಓದಿದೆ. ಸುಮ್ನಿರು ಅಂತಾನೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಏಳನೇ ಸಾಲನ್ನು ಇನ್ನೊಂದು ಸಲ ಓದಿಸಿದ. ಲೋಟ ಕೆಳಗಿಟ್ಟ. ಹೊದಿಕೆಯ ಒಳಗಿಂದ ಮೊಂಡು ತೋಳನ್ನು ಹೊರಗೆ ತೆಗೆದು ನೋಡಿಕೊಂಡ. ಎಡಗೈಯನ್ನೂ ನೋಡಿದ.

"ಯಾವ ಕೈಗೆ ಕೊಟ್ರಂತೆ?"

ನಾನು ಪಟ್ಟಿ ತಿರುಗಿಸಿ ಹಿಂದೆ ನೋಡಿದೆ.

"ಕೇಳು ಹೋಗು. ಆ ಎರಡು ಮಾರ್ಕು ಯಾವ ಕೈಗೆ ಅಂತ ಕೇಳ್ಕೊಂಡು ಬಾ."

ಅಪ್ಪ ಯಾರನ್ನಾದರೂ ಏನಾದರೂ ಕೇಳು ಅಂದಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಹೊರಗೆ ಗೇಟಿನ ಹತ್ತಿರ ಅದೇ ಹೊತ್ತಿಗೆ ಬೋರ್ಡು ಏರಿಸುತ್ತಿದ್ದರು. ಕುರ್ಚಿ ಹಾಕಿದ್ದರು. ದೊಡ್ಡ ಡಾಕ್ಟರು ಮೈಕಿನಲ್ಲಿ ಮಾತಾಡುತ್ತಿದ್ದರು. ಕನ್ನಡಕದವನೂ ಬಂದಿದ್ದ. ನಾನು ಯಾಕೆ ಕೇಳಲಿ, ನೀನೇ ಕೇಳು ಅಂತ ಅಪ್ಪನಿಗೆ ಅಂದೆ. ಹಿಂದಿನ ಬಾಗಿಲ ಸ್ಟ್ರೆಚರ್ ತಂದೆ. ಅಪ್ಪನನ್ನು ಎತ್ತಿ ಕೂರಿಸಿದೆ, ಮಲಗಿಸಲಿಲ್ಲ. ಮೊಂಡು ತೋಳನ್ನು ಅಪ್ಪ ತಾನೇ ಹೊದಿಕೆಯ ಮೇಲಿಟ್ಟುಕೊಂಡ. ತಳ್ಳಿದೆ. ವಾರ್ಡಿನ ಬಾಗಿಲಿನಿಂದಲೇ ಚಕ್ರ ಕಿರುಚೋಕೆ ಶುರುಮಾಡಿತು. ಡ್ರೈವರ್ ಎಣ್ಣೆ ಡಬ್ಬಿ ಹಿಡಿದು ಬಂದ.

ಬೇಡ ಅಣ್ಣಾ, ಕಿರುಚಲಿ ಅಂದೆ.